ರೋಗಿಯ ಮಾತಿಗೆ ಪ್ರಾಮಾಣ್ಯ ಬಂದ ಬಗೆ

ಔಷಧವು ರೋಗವನ್ನು ಕಳೆಯುವುದೆಂಬುದು ಎಷ್ಟು ನಿಜವೋ, ಅದೇ ಔಷಧವು ಇನ್ನೊಂದು ರೋಗವನ್ನು ತಂದೊಡ್ಡಬಲ್ಲುದೆಂಬುದೂ ಅಷ್ಟೇ ನಿಜ. ಪ್ರಾಚೀನ ವೈದ್ಯರು ಈ ಸಂಗತಿಯನ್ನು ಚೆನ್ನಾಗಿ ಅರಿತಿದ್ದರು. ಗುಣವರಿಯದ ಔಷಧವು ವಿಷಕ್ಕೂ ಶಸ್ತ್ರಕ್ಕೂ ಅಗ್ನಿಗೂ ಸಿಡಿಲಿಗೂ ಸಮಾನವೆಂದೂ, ಅರಿತು ಪ್ರಯೋಗಿಸಿದ ಔಷಧವು ಅಮೃತಸದೃಶವೆಂದೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ಅದೇ ಗ್ರಂಥದ ಸಿದ್ಧಿಸ್ಥಾನದಲ್ಲಿ ವಮನ ವಿರೇಚನಗಳು ಕ್ರಮತಪ್ಪಿದಾಗ ಉಂಟಾಗುವ ೧೦ ವ್ಯಾಪತ್ತುಗಳನ್ನು ಎಣಿಸಿ, ಅವಕ್ಕೆ ಪರಿಹಾರಗಳನ್ನು ವಿಧಿಸಿದೆ.

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ಬಗೆಯಿಂದ ಪರೀಕ್ಷಿಸತಕ್ಕದ್ದೆಂಬುದು ಆಯುರ್ವೇದದ ವಿಧಿ. ಈ ಮೂರರಲ್ಲಿ ಕೊನೆಯದು ವಿಶೇಷವಾಗಿ ವಿಚಾರಾರ್ಹವಾಗಿದೆ. ಬಾವು ಕಣ್ಣಿಗೆ ಕಾಣುವುದು. ಜ್ವರವು ಕೈಗೆ ತಿಳಿಯುವುದು. ನಾಡಿಯ ಗತಿಯನ್ನು ಬೆರಳು ಹೇಳುವುದು. ಆದರೆ ಕಾಲು ಜೋಮು ಹಿಡಿದಿದೆಯೆಂಬುದಾಗಲಿ, ತಲೆ ತಿರುಗುತ್ತಿದೆಯೆಂಬುದಾಗಲಿ, ಹೊಟ್ಟೆಯಲ್ಲಿ ಸಂಕಟವಾಗುತ್ತಿದೆಯೆಂಬುದಾಗಲಿ ಅನುಭವಿಸುವವನಿಗಲ್ಲದೆ ಅನ್ಯರಿಗೆ ಗೋಚರವಾಗದು. ವೈದ್ಯನು ಕೇಳಬೇಕು, ರೋಗಿಯು ಹೇಳಬೇಕು, ಹೇಳಿದುದನ್ನು ವೈದ್ಯನು ನಂಬಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಔಷಧದ ದೋಷವು ಮರೆಯಲ್ಲಿಯೇ ಉಳಿಯುವುದು. ಪಾಶ್ಚಾತ್ಯ ವೈದ್ಯದ ಚರಿತ್ರೆಯಲ್ಲಿ ಇದಕ್ಕೆ ನಿದರ್ಶನಗಳು ಹೇರಳವಾಗಿವೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ವಿಲಿಯಂ ವಿದರಿಂಗನಿಗೆ ೧೭೭೫ರಲ್ಲಿ ಒಂದು ಮನೆಮದ್ದಿನ ವಿಷಯವಾಗಿ ಅಭಿಪ್ರಾಯ ಕೊಡಬೇಕಾಗಿ ಬಂತು. ಷ್ರಾಪ್‌ಷೈರ್ ಪ್ರಾಂತದ ಒಬ್ಬ ಮುದುಕಿಯು ಮೈಯಲ್ಲಿ ನೀರು ತುಂಬುವ ರೋಗಕ್ಕೆ ಅದನ್ನು ಗುಟ್ಟಾಗಿ ಕೊಡುತ್ತಿದ್ದಳು; ಪಂಡಿತವೈದ್ಯರು ಕೈಬಿಟ್ಟವರೂ ಅವಳ ಮದ್ದಿನಿಂದ ಚೇತರಿಸಿಕೊಂಡದ್ದುಂಟು. ಇಪ್ಪತ್ತಕ್ಕೆ ಮೇಲ್ಪಟ್ಟ ಮೂಲಿಕೆಗಳಿದ್ದ ಆ ಯೋಗದಲ್ಲಿ ನಿಜವಾಗಿ ಕೆಲಸಮಾಡುವುದು ಡಿಜಿಟಾಲಿಸ್ ಗಿಡದ ಎಲೆಯೊಂದೇ ಎಂದು ವಿದರಿಂಗನು ಊಹಿಸಿ, ೧೦ ವರ್ಷಕಾಲ ಅದನ್ನು ಪ್ರಯೋಗಿಸಿ ನೋಡಿ, ೧೭೮೫ರಲ್ಲಿ ತನ್ನ ಅನುಭವವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಗುಣಹೊಂದಿದವರ ವೃತ್ತಾಂತದೊಡನೆ ಗುಣಹೊಂದದವರ ವೃತ್ತಾಂತವನ್ನೂ ಮುಚ್ಚುಮರೆಯಿಲ್ಲದೆ ಬರೆದುದು ಆ ಗ್ರಂಥದ ದೊಡ್ಡ ಗುಣ. ಮಾತ್ರೆ ಮೀರಿದಾಗ ವಾಂತಿಯೂ ತಲೆಸುತ್ತೂ ಆಗುವುದೆಂದೂ, ನಾಡಿಯು ನಿಮಿಷಕ್ಕೆ ೩೫ರವರೆಗೆ ಇಳಿಯುವುದೆಂದೂ, ಪದಾರ್ಥಗಳು ಹಸಿರಾಗಿ ಅಥವಾ ಹಳದಿಯಾಗಿ ಕಾಣುವುವೆಂದೂ ಅವನು ಬರೆದಿಟ್ಟನು. ನಾಡಿಯನ್ನು ವೈದ್ಯನೇ ಎಣಿಸಬಹುದು. ಲೋಕವೆಲ್ಲ ಹಳದಿಯಾಗಿ ಕಾಣುತ್ತಿದೆಯೆಂಬುದು ರೋಗಿಯ ಬಾಯಿಂದಲ್ಲದೆ ಮತ್ತೆಲ್ಲಿಂದ ತಿಳಿಯಬೇಕು? ಕಾಮಾಲೆಯವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದನ್ನು ತಾರ್ಕಿಕರು ಭ್ರಮೆಗೆ ಉದಾಹರಣೆಯಾಗಿ ಕೊಡುವ ವಾಡಿಕೆ. ವಿದರಿಂಗನ ಕೈಯಲ್ಲಿ ಅಂತಹ ಭ್ರಮೆಯೇ ಪ್ರಮಾಣವಾಗಿ ಪರಿಣಮಿಸಿತು. ಇಂದಿಗೂ ಅದು ಆ ಔಷಧವು ಮಿತಿಮೀರಿದುದರ ಲಕ್ಷಣಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಮುಂದಿನ ಶತಮಾನದಲ್ಲಿ ಕ್ಲೋರೊಫಾರಮ್ ಬಂತು. ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ನನು ಅದನ್ನು ಬಳಕೆಗೆ ತಂದನು. ೧೮೪೮ರ ಜನವರಿ ೨೮ರಂದು ನ್ಯೂಕಾಸಲ್ಲಿನ ಬಳಿ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿ, ಕಾಲುಗುರನ್ನು ಕೀಳಿಸಿಕೊಳ್ಳಲು ಅದನ್ನು ಮೂಸಿ, ಕ್ಷಣಮಾತ್ರದಲ್ಲಿ ಮೃತಳಾದಳು. ಇಲ್ಲಿ ರೋಗಿಯು ಮಾತಾಡುವಂತಿರಲಿಲ್ಲ. ಅವಳ ಪರವಾಗಿ ವೈದ್ಯರೇ ಬರೆಯಬೇಕಾಯಿತು. ಹೈದರಾಬಾದಿನಲ್ಲಿ ನಿಜಾಮರ ದ್ರವ್ಯಸಹಾಯದಿಂದ ೧೮೮೮ರಲ್ಲಿಯೂ ೧೮೮೯ರಲ್ಲಿಯೂ ಸೇರಿದ ಎರಡು ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗಮಾಡಿ, ಕ್ಲೋರೊಫಾರಮ್ಮಿನಿಂದ ಮೊದಲು ನಿಲ್ಲುವುದು ಉಸಿರೇ ಹೊರತು ಹೃದಯವಲ್ಲವೆಂದು ಸಾರಿದವು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯು ಇನ್ನೊಂದು ದಾರಿ ಹಿಡಿದು, ವೈದ್ಯರಿಂದ ಇಂತಹ ಮರಣಗಳ ವರದಿಗಳನ್ನು ತರಿಸಿ, ಅವುಗಳ ವಿಮರ್ಶೆಯನ್ನು ೧೮೯೩ರಲ್ಲಿ ಪ್ರಕಟಿಸಿತು. ಹೃದಯವೇ ಥಟ್ಟನೆ ನಿಲ್ಲಬಹುದೆಂಬುದು ೧೯೧೧ರಲ್ಲಿ ಲೀವಿಯ ಪ್ರಯೋಗಗಳಿಂದ ಸ್ಥಿರಪಟ್ಟಿತು. ಹೈದರಾಬಾದಿನ ಆಯೋಗದ ಶ್ರಮವೇನೂ ಅಲ್ಪವಾಗಿರಲಿಲ್ಲ. ಆದರೂ ಪ್ರಾಣಿಗಳಿಂದ ಬಂದ ಉತ್ತರಕ್ಕಿಂತ ಮನುಷ್ಯರ ವಿಷಯದಲ್ಲಿ ಬರೆದಿಟ್ಟ ಚೂರುಪಾರು ವೃತ್ತಾಂತಗಳೇ ಸತ್ಯಕ್ಕೆ ಹತ್ತಿರವಾಗಿದ್ದವು.

ಆದರೆ ಈ ಬಗೆಯ ವರದಿಗಳನ್ನು ಶಾಶ್ವತವಾಗಿ ಸಂಗ್ರಹಿಸುವ ಏರ್ಪಾಡು ಯಾವ ದೇಶದಲ್ಲಿಯೂ ಆಗ ನೆಲೆಗೊಳ್ಳಲಿಲ್ಲ. ಅದಕ್ಕೆ ಇನ್ನೂ ಭಯಂಕರವಾದ ಅನರ್ಥವೊಂದು ನಡೆಯಬೇಕಾಗಿತ್ತು.

ಪಶ್ಚಿಮ ಜರ್ಮನಿಯ ಗ್ರೂನೆಂಥಾಲ್ ಕಂಪೆನಿಯು ೧೯೫೭ರ ಅಕ್ಟೋಬರ್ ೧ರಂದು ಕಾಂಟರ್ಗನ್ ಎಂಬ ನಿದ್ರೆಯ ಗುಳಿಗೆಯನ್ನು ಮಾರಾಟಕ್ಕೆ ತಂದಿತು. ಅದರಲ್ಲಿದ್ದ ದ್ರವ್ಯವೇ ಥಾಲಿಡೊಮೈಡ್. ಎಷ್ಟು ಕೊಟ್ಟರೂ ಪ್ರಯೋಗದ ಪ್ರಾಣಿಗಳು ಸಾಯಲಿಲ್ಲವಾದ ಕಾರಣ ಅದನ್ನು ನಿರಪಾಯವೆಂದು ಸಾರಿದರು. ವೈದ್ಯರ ಚೀಟಿಯಿಲ್ಲದೆ ಅದು ಅಂಗಡಿಗಳಲ್ಲಿ ದೊರೆಯುತ್ತಿತ್ತು. ಗರ್ಭಿಣಿಯರು ಬಸುರಿನ ಓಕರಿಕೆಗೂ ನಿದ್ರೆಗೂ ಅದನ್ನು ಸೇವಿಸಿದರು. ೧೯೫೮ರಲ್ಲಿ ಬ್ರಿಟನ್ನಿನಲ್ಲಿಯೂ ಡಿಸ್ಟವಾಲ್ ಎಂಬ ಹೆಸರಿನಿಂದ ಅದು ಪ್ರಚಾರಕ್ಕೆ ಬಂತು.

ಮೊದಲು ದೂರಿಟ್ಟವರು ವಯಸ್ಸಾದವರು. ತಿಂಗಳುಗಟ್ಟಲೆ ಗುಳಿಗೆಯನ್ನು ನುಂಗಿದವರಿಗೆ ಪಾದಗಳಲ್ಲಿ ಜುಮುಜುಮು, ಆಮೇಲೆ ಬೆರಳುಗಳಲ್ಲಿ ಮರವು, ರಾತ್ರಿ ಮೀನಖಂಡಗಳಲ್ಲಿ ಸೆಳೆತ. ಮುದಿತನದಲ್ಲಿ ಕಾಲು ಜೋಮು ಹಿಡಿಯುವುದು ಯಾರಿಗಿಲ್ಲ ಎಂದು ತಳ್ಳಿಹಾಕಬಹುದಾದ ದೂರು ಇದು. ಎಷ್ಟೋ ಕಡೆ ಹಾಗೆಯೇ ತಳ್ಳಿಹಾಕಲ್ಪಟ್ಟಿತು. ಡುಸೆಲ್‌ಡಾರ್ಫ್ ನಗರದ ನರರೋಗವೈದ್ಯ ರಾಲ್ಫ್ ಫೋಸ್ ಎಂಬವರು ೧೯೫೯ರಲ್ಲಿ ಕಂಪೆನಿಗೆ ಕಾಗದ ಬರೆದು, ಈ ಔಷಧದಿಂದ ನರಗಳಿಗೆ ಹಾನಿಯುಂಟೇ ಎಂದು ವಿಚಾರಿಸಿದರು. ಅಂತಹದೇನೂ ತಿಳಿದುಬಂದಿಲ್ಲವೆಂಬ ಉತ್ತರ ಬಂತು.

ಸ್ಕಾಟ್ಲೆಂಡಿನ ಟರಿಫ್ ಎಂಬ ಸಣ್ಣ ಊರಿನಲ್ಲಿ ಲೆಸ್ಲಿ ಫ್ಲಾರೆನ್ಸ್ ಎಂಬ ಸಾಮಾನ್ಯ ವೈದ್ಯರಿದ್ದರು. ತಮ್ಮ ನಾಲ್ವರು ರೋಗಿಗಳು ಹೇಳಿಕೊಂಡ ಒಂದೇ ಬಗೆಯ ಸಂಕಟವನ್ನು ಅವರು ಲಕ್ಷ್ಯಕ್ಕೆ ತಂದುಕೊಂಡರು. ನಾಲ್ವರೂ ದೀರ್ಘಕಾಲ ಥಾಲಿಡೊಮೈಡನ್ನು ಸೇವಿಸಿದ್ದರು. ಔಷಧವನ್ನು ನಿಲ್ಲಿಸಿದ ಮೇಲೆ ಅವರ ಬಾಧೆಯು ತಗ್ಗಿತು. ಇದಕ್ಕೆ ಥಾಲಿಡೊಮೈಡ್ ಕಾರಣವಿರಬಹುದೇ ಎಂದು ಕೇಳಿ ಅವರು ಬರೆದ ಪುಟ್ಟ ಪತ್ರವು ೧೯೬೦ರ ಡಿಸೆಂಬರ್ ೩೧ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ದೊಡ್ಡ ಪ್ರಯೋಗಶಾಲೆಯಿಲ್ಲದ ಹಳ್ಳಿಯ ವೈದ್ಯರೊಬ್ಬರು ರೋಗಿಗಳ ಮಾತಿಗೆ ಕಿವಿಗೊಟ್ಟುದರ ಫಲವು ಎಷ್ಟು ದೂರ ಹರಿಯಿತೆಂಬುದು ಮುಂದಿನ ಕಥೆ.

ಆ ಸಮಯದಲ್ಲಿ ಅಮೆರಿಕದಲ್ಲಿ ಅದೇ ಔಷಧದ ಮಾರಾಟಕ್ಕೆ ಅನುಮತಿ ಕೋರಿದ ಅರ್ಜಿಯು ಸರ್ಕಾರದ ಔಷಧಪರೀಕ್ಷಕರಲ್ಲಿ ಒಬ್ಬರಾದ ಫ್ರಾನ್ಸಿಸ್ ಕೆಲ್ಸಿ ಎಂಬ ವಿದುಷಿಯ ಮುಂದೆ ಇತ್ತು. ಅರ್ಜಿಯಲ್ಲಿನ ಆಧಾರಗಳು ಸಾಲವೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ೧೯೬೧ರ ಫೆಬ್ರುವರಿಯಲ್ಲಿ ಫ್ಲಾರೆನ್ಸರ ಪತ್ರವು ಅವರ ದೃಷ್ಟಿಗೆ ಬಿತ್ತು. ಬೆಳೆದವರ ನರಗಳನ್ನೇ ಕೆಡಿಸುವ ದ್ರವ್ಯವು ಗರ್ಭಸ್ಥ ಶಿಶುವಿಗೆ ಏನು ಮಾಡೀತು ಎಂಬ ಪ್ರಶ್ನೆಯನ್ನು ಅವರು ಕಂಪೆನಿಯ ಮುಂದಿಟ್ಟರು. ಕಂಪೆನಿಯ ಒತ್ತಾಯಕ್ಕೆ ಬಗ್ಗದೆ ಅನುಮತಿಯನ್ನು ತಡೆಹಿಡಿದುದರಿಂದ, ಪರೀಕ್ಷಾರ್ಥವಾಗಿ ವೈದ್ಯರ ಮೂಲಕ ಹಂಚಿದ ಗುಳಿಗೆಗಳ ಹೊರತು ಆ ಔಷಧವು ಅಮೆರಿಕದ ಅಂಗಡಿಗಳನ್ನು ಸೇರಲಿಲ್ಲ. ನಾಲ್ವರು ಸ್ಕಾಟ್ಲೆಂಡಿನವರ ಕಾಲಿನ ಜೋಮು ಸಾಗರದಾಚೆ ಎಷ್ಟು ಶಿಶುಗಳನ್ನು ಉಳಿಸಿತೆಂಬುದನ್ನು ಲೆಕ್ಕಹಾಕಿದವರಾರು!

ಜರ್ಮನಿಯಲ್ಲಿ ಮಾತ್ರ ಆಗಲೇ ಕೈಮೀರಿತ್ತು. ತೋಳುಗಳಿಲ್ಲದೆ, ಭುಜಕ್ಕೆ ಅಂಟಿದಂತೆ ಬೆರಳುಗಳಿರುವ ಶಿಶುಗಳು ಒಂದರ ಮೇಲೊಂದು ಹುಟ್ಟತೊಡಗಿದವು. ಮೆಂಡನ್ ಎಂಬ ಊರಿನ ನ್ಯಾಯವಾದಿ ಕಾರ್ಲ್ ಷುಲ್ಟೆ ಹಿಲೆನ್ನರ ಮಗನೂ ಅವರ ಸೋದರಿಯ ಮಗಳೂ ಸ್ವಲ್ಪವೇ ಕಾಲದ ಅಂತರದಲ್ಲಿ ಹೀಗೆ ಹುಟ್ಟಿದರು. ಒಂದೇ ಮನೆತನದಲ್ಲಿ ಇಬ್ಬರು. ಆದುದರಿಂದ ಇದು ವಂಶಪಾರಂಪರ್ಯವಾದ ದೋಷವೆಂದು ವೈದ್ಯರು ತೀರ್ಮಾನಿಸಿದರು. ತರ್ಕಕ್ಕೆ ಅದೇನೂ ಅಸಂಬದ್ಧವಾಗಿ ತೋರದು. ತಂದೆಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ವಂಶದಲ್ಲಿ ಹಿಂದೆಂದೂ ಇಲ್ಲದುದು ಈಗೆಲ್ಲಿಂದ ಬಂತು ಎಂದು ಅವರು ೧೯೬೧ರ ಜೂನ್ ತಿಂಗಳಲ್ಲಿ ಹ್ಯಾಂಬರ್ಗಿನ ಶಿಶುವೈದ್ಯ ವಿಡುಕಿಂಡ್ ಲೆಂಟ್ಸರನ್ನು ಕಂಡರು. ಅನೇಕ ವೈದ್ಯರು ಕಿವಿಗೊಡದ ಮಾತಿಗೆ ಲೆಂಟ್ಸರು ಕಿವಿಗೊಟ್ಟು, ಇಂತಹ ಶಿಶುಗಳ ತಾಯಂದಿರನ್ನು ಹುಡುಕಿಕೊಂಡು ಹೋಗಿ ವಿಚಾರಿಸತೊಡಗಿದರು.

ಈ ವಿಚಾರಣೆಯ ಕ್ರಮವು ಗಮನಿಸತಕ್ಕದ್ದು. ಬಸುರಿನಲ್ಲಿ ಏನೇನು ಔಷಧ ತೆಗೆದುಕೊಂಡಿರಿ ಎಂದು ಸಾಮಾನ್ಯವಾಗಿ ಕೇಳಿದಾಗ ಕಾಂಟರ್ಗನ್ ಎಂದವರು ನೂರಕ್ಕೆ ಸುಮಾರು ೨೦ ಮಂದಿ. ನವೆಂಬರ್ ತಿಂಗಳಲ್ಲಿ ಸಂದೇಹವು ಬಲವಾಗಿ, ಆ ಹೆಸರನ್ನೇ ಹಿಡಿದು ಮತ್ತೆ ಕೇಳಿದಾಗ ಆ ಸಂಖ್ಯೆ ೫೦ಕ್ಕೆ ಏರಿತು. ಮೊದಲು ಏಕೆ ಹೇಳಲಿಲ್ಲವೆಂದರೆ, ಅಷ್ಟು ನಿರುಪದ್ರವಿಯಾದ ಗುಳಿಗೆಯನ್ನು ಹೇಳತಕ್ಕದ್ದೆಂದೇ ತಮಗೆ ತೋರಲಿಲ್ಲವೆಂದು ಹಲವು ತಾಯಂದಿರು ಉತ್ತರಕೊಟ್ಟರು. ಜಾಹೀರಾತಿನಲ್ಲಿ ನಿರಪಾಯವೆಂದು ಹೇಳಿದುದನ್ನು ನಂಬಿದ ಆ ತಾಯಂದಿರ ಬಾಯನ್ನು ಆ ಜಾಹೀರಾತೇ ಕಟ್ಟಿತ್ತು. ಪ್ರಶ್ನಪರೀಕ್ಷೆಯಲ್ಲಿ ಪ್ರಶ್ನೆಯ ರೂಪವೇ ಉತ್ತರವನ್ನು ಹೊರಗೆಳೆಯುವುದೆಂಬುದಕ್ಕೆ ಇದಕ್ಕಿಂತ ಕರುಣಾಜನಕವಾದ ಉದಾಹರಣೆ ಸಿಕ್ಕುವುದು ಕಷ್ಟ.

ಲೆಂಟ್ಸರು ನವೆಂಬರ್ ನಡುಭಾಗದಲ್ಲಿ ಕಂಪೆನಿಗೆ ಎಚ್ಚರಿಕೆ ಕೊಟ್ಟರು. ೧೮ರಂದು ಡುಸೆಲ್‌ಡಾರ್ಫಿನ ವೈದ್ಯಸಭೆಯಲ್ಲಿ ಮಾತಾಡಿದರು. ೨೬ರಂದು ವಿಷಯವು ವೃತ್ತಪತ್ರಿಕೆಯಲ್ಲಿ ಬಂದ ಮೇಲೆ ಔಷಧವನ್ನು ಹಿಂತೆಗೆದುಕೊಂಡರು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವಿಲಿಯಂ ಮೆಕ್‌ಬ್ರೈಡ್ ಎಂಬ ಪ್ರಸೂತಿವೈದ್ಯರು ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದು, ಇಂತಹ ಶಿಶುಗಳನ್ನು ಬೇರೆ ಯಾರಾದರೂ ಕಂಡಿರುವರೇ ಎಂದು ಕೇಳಿದ ಪತ್ರವು ಡಿಸೆಂಬರ್ ೧೬ರ ಲ್ಯಾನ್ಸೆಟ್ಟಿನಲ್ಲಿ ಅಚ್ಚಾಯಿತು. ಅಷ್ಟರೊಳಗೆ ಪ್ರಪಂಚದಲ್ಲಿ ಸುಮಾರು ೧೦,೦೦೦ ಶಿಶುಗಳು ಅಂಗಹೀನರಾಗಿ ಹುಟ್ಟಿದ್ದರು. ಅವರಲ್ಲಿ ಬಹುಮಂದಿ ಹುಟ್ಟಿನಲ್ಲಿಯೇ ಕಣ್ಮುಚ್ಚಿದ್ದರು. ಗ್ರೂನೆಂಥಾಲ್ ಕಂಪೆನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಬೇಡಿದ್ದು ೨೦೧೨ರ ಆಗಸ್ಟ್ ೩೧ರಂದು. ಕುಷ್ಠರೋಗದಲ್ಲಿ ತಲೆದೋರುವ ಒಂದು ಬಗೆಯ ಉರಿಯೂತಕ್ಕೂ ಮಜ್ಜೆಯ ಅರ್ಬುದಕ್ಕೂ ಇದೇ ಥಾಲಿಡೊಮೈಡನ್ನು ಕಟ್ಟುನಿಟ್ಟಾದ ಕಾವಲಿನಲ್ಲಿ ಇಂದು ಕೊಡುತ್ತಿರುವರೆಂಬುದನ್ನು ನೋಡಿದರೆ ಚರಕನ ವಿಷಾಮೃತಗಳ ಮಾತು ನೆನಪಿಗೆ ಬರುವುದು.

ಈ ಅನರ್ಥದ ಬಳಿಕ ಬ್ರಿಟನ್ನಿನಲ್ಲಿ ಸರ್ ಡೆರಿಕ್ ಡನ್‌ಲಪ್ಪರ ಅಧ್ಯಕ್ಷತೆಯಲ್ಲಿ ಔಷಧಗಳ ಕ್ಷೇಮವನ್ನು ವಿಚಾರಿಸುವ ಸಮಿತಿಯು ಏರ್ಪಟ್ಟಿತು. ೧೯೬೪ರ ಮೇ ತಿಂಗಳಲ್ಲಿ ಸಮಿತಿಯು ದೇಶದ ವೈದ್ಯರಿಗೆಲ್ಲ ಹಳದಿಯ ಕಾರ್ಡುಗಳನ್ನು ಕಳುಹಿಸಿತು. ಔಷಧದಿಂದ ಅನಿಷ್ಟವಾಯಿತೆಂದು ಸಾಧಿಸಬೇಕಾಗಿಲ್ಲ, ಸಂದೇಹವಿದ್ದರೆ ಸಾಕು, ಬರೆದು ಕಳುಹಿಸತಕ್ಕದ್ದು ಎಂಬುದು ಆ ಪದ್ಧತಿಯ ತಿರುಳು. ಮಿಗತೆಯಾಗಿದ್ದ ಹಳದಿಯ ಕಾಗದವನ್ನು ಮುಗಿಸಲು ಆ ಬಣ್ಣವನ್ನು ಆರಿಸಿದರೆಂಬ ಕಥೆಯೂ ಉಂಟು. ೧೯೬೮ರಲ್ಲಿ ೧೦ ರಾಷ್ಟ್ರಗಳು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ತಮ್ಮ ವರದಿಗಳನ್ನು ಒಟ್ಟುಗೂಡಿಸತೊಡಗಿದವು. ೧೯೭೮ರಲ್ಲಿ ಆ ಕಾರ್ಯವು ಸ್ವೀಡನ್ನಿನ ಉಪ್ಸಾಲಾ ನಗರಕ್ಕೆ ವರ್ಗವಾಗಿ ಇಂದಿಗೂ ಅಲ್ಲಿಯೇ ನಡೆಯುತ್ತಿದೆ.

ಏರ್ಪಾಡು ಶ್ಲಾಘ್ಯವೇ. ಆದರೆ ಬ್ರಿಟನ್ನಿನ ಆ ಕಾರ್ಡನ್ನು ಬರೆಯುವ ಅಧಿಕಾರವು ವೈದ್ಯರಿಗೂ ದಂತವೈದ್ಯರಿಗೂ ಮಾತ್ರ ಇದ್ದಿತು. ಯಾರ ಶರೀರದಲ್ಲಿ ಬಾಧೆಯುಂಟಾಯಿತೋ ಅವರಿಗೆ ಅಲ್ಲಿ ಸ್ಥಾನವಿರಲಿಲ್ಲ. ರೋಗಿಯ ಮಾತು ವೈದ್ಯನ ಕಿವಿಯನ್ನೂ ಲೇಖನಿಯನ್ನೂ ದಾಟಿಕೊಂಡೇ ಹೋಗಬೇಕಾಗಿತ್ತು. ಆ ಎರಡು ಜರಡಿಗಳಲ್ಲಿ ಬಹಳಷ್ಟು ಸೋರಿಹೋಯಿತು. ೧೯೭೦ರಲ್ಲಿ ಹೃದ್ರೋಗಕ್ಕಾಗಿ ಬಳಕೆಗೆ ಬಂದ ಪ್ರಾಕ್ಟೊಲಾಲನ್ನು ಸೇವಿಸಿದವರಲ್ಲಿ ಕೆಲವರ ಕಣ್ಣೀರು ಬತ್ತಿ, ಕಣ್ಣೊಳಗೆ ಮರಳು ಬಿದ್ದಂತಾಗಿ, ಕೊನೆಗೆ ದೃಷ್ಟಿಯೇ ಹೋಯಿತು. ನೇತ್ರವೈದ್ಯ ಪೀಟರ್ ರೈಟ್ ೧೯೭೫ರಲ್ಲಿ ಅದನ್ನು ವಿವರಿಸಿ ಬರೆಯುವುದಕ್ಕೆ ಮೊದಲು ಹಳದಿಯ ಕಾರ್ಡುಗಳಲ್ಲಿ ಅದರ ಸುಳಿವು ಇಲ್ಲವೆನ್ನುವಷ್ಟು ಕಡಿಮೆ. ಬರೆದ ಮೇಲೆ ಹಳೆಯ ಸಂಗತಿಗಳೆಲ್ಲ ನೆನಪಾಗಿ ವರದಿಗಳು ರಾಶಿಬಿದ್ದವು. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್, ಎನಲಾಪ್ರಿಲ್ ಮುಂತಾದವುಗಳ ಒಣಕೆಮ್ಮಿನ ಕಥೆಯೂ ಇಂತಹುದೇ. ಅವು ೧೯೮೦ರ ದಶಕದಲ್ಲಿ ಬಳಕೆಗೆ ಬಂದಾಗ ಕೆಮ್ಮನ್ನು ಯಾರೂ ಅಷ್ಟಾಗಿ ಎಣಿಸಲಿಲ್ಲ. ಕೆಮ್ಮಿಗೆ ಔಷಧವೇ ಕಾರಣವಿರಬಹುದೆಂದು ರೋಗಿಗೂ ತೋರದು, ವೈದ್ಯನಿಗೂ ತೋರದು. ನ್ಯೂಜಿಲೆಂಡಿನವರು ಬೆನ್ನುಹತ್ತಿ ವಿಚಾರಿಸಿ ೧೯೮೭ರಲ್ಲಿ ಅದನ್ನು ಪ್ರಕಟಿಸಿದರು. ಈಗ ನೂರು ಮಂದಿಯಲ್ಲಿ ೫ರಿಂದ ೨೦ ಮಂದಿಗೆ ಆ ಕೆಮ್ಮು ಬರುವುದೆಂದು ಹೇಳುತ್ತಾರೆ.

ಮಾತು ಸೋರಿಹೋಗುವುದು ಒಂದು. ಮಾತು ರೂಪಾಂತರ ಹೊಂದುವುದು ಇನ್ನೊಂದು. ಪ್ಯಾರೊಕ್ಸೆಟೀನ್ ಎಂಬ ಮನೋವ್ಯಾಧಿಯ ಔಷಧದ ವಿಷಯವಾಗಿ ಬ್ರಿಟಿಷ್ ದೂರದರ್ಶನವು ೨೦೦೨ರ ಅಕ್ಟೋಬರಿನಲ್ಲಿ ಒಂದು ಕಾರ್ಯಕ್ರಮವನ್ನು ಪ್ರಸಾರಮಾಡಿದಾಗ ಪ್ರೇಕ್ಷಕರಿಂದ ೧,೩೭೪ ವಿದ್ಯುನ್ಮಾನ ಪತ್ರಗಳು ಬಂದವು. ಔಷಧವನ್ನು ಬಿಡಹೋದಾಗ ತಲೆಯೊಳಗೆ ವಿದ್ಯುತ್ತು ಹೊಡೆದಂತಾಗುವುದೆಂದು ರೋಗಿಗಳು ಮತ್ತೆ ಮತ್ತೆ ಬರೆದಿದ್ದರು. ಚಾರ್ಲ್ಸ್ ಮೆಡಾವರ್, ಆಂಡ್ರೂ ಹರ್ಕ್ಸ್‌ಹೈಮರ್ ಎಂಬವರು ಆ ಪತ್ರಗಳನ್ನೂ ವೈದ್ಯರ ಹಳದಿಯ ಕಾರ್ಡುಗಳನ್ನೂ ಹೋಲಿಸಿ ನೋಡಿದರು. ಕಾರ್ಡುಗಳಲ್ಲಿ ಅದೇ ಅನುಭವವು ತಲೆಸುತ್ತು, ಸ್ಪರ್ಶವಿಕಾರ ಎಂಬ ಶಾಸ್ತ್ರೀಯ ನಾಮಗಳಲ್ಲಿ ಕರಗಿಹೋಗಿತ್ತು. ಶಾಸ್ತ್ರಕ್ಕೆ ಪರಿಭಾಷೆ ಬೇಕು, ನಿಜ. ಆದರೆ ಪರಿಭಾಷೆಯು ಅನುಭವವನ್ನು ನುಂಗಿಬಿಟ್ಟರೆ ಶಾಸ್ತ್ರಕ್ಕೆ ಉಳಿಯುವುದೇನು?

ಹಾಗೆಂದು ಹೇಳಿದುದೆಲ್ಲ ಸತ್ಯವೆಂದು ಗ್ರಹಿಸುವುದೂ ಅಪಾಯವೇ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಬಸುರಿನ ಓಕರಿಕೆಗಾಗಿ ೧೯೫೬ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಬೆಂಡೆಕ್ಟಿನ್ ಎಂಬ ಔಷಧದ ಮೇಲೂ ಅಂಗವೈಕಲ್ಯದ ಆರೋಪ ಬಂತು. ಥಾಲಿಡೊಮೈಡಿನ ನೆನಪು ಜನರ ಮನಸ್ಸಿನಲ್ಲಿ ಹಸಿಯಾಗಿದ್ದಿತು, ವ್ಯಾಜ್ಯಗಳು ಬೆಳೆದವು, ೧೯೮೩ರಲ್ಲಿ ಕಂಪೆನಿಯೇ ಅದನ್ನು ನಿಲ್ಲಿಸಿತು. ಯಾವ ಔಷಧವನ್ನೂ ಸೇವಿಸದ ತಾಯಂದಿರಿಗೂ ನೂರು ಹೆರಿಗೆಗಳಲ್ಲಿ ಎರಡು ಮೂರು ಶಿಶುಗಳು ಯಾವುದಾದರೊಂದು ವೈಕಲ್ಯದಿಂದ ಹುಟ್ಟುವುದುಂಟು. ಲಕ್ಷಾಂತರ ಗರ್ಭಿಣಿಯರು ಸೇವಿಸುವ ಗುಳಿಗೆಯೊಡನೆ ಅದು ಎಲ್ಲೋ ಕೂಡಿಬರದೆ ಇರದು. ಇಂತಹಲ್ಲಿ ಅನ್ವಯದೊಡನೆ ವ್ಯತಿರೇಕವನ್ನೂ ನೋಡಬೇಕಾಗುತ್ತದೆ. ಬೆಂಡೆಕ್ಟಿನ್ ನಿಂತ ಮೇಲೆ ವಿಕಲ ಶಿಶುಗಳ ಸಂಖ್ಯೆ ತಗ್ಗಲಿಲ್ಲ. ಓಕರಿಕೆ ಹೆಚ್ಚಾಗಿ ಆಸ್ಪತ್ರೆಯನ್ನು ಸೇರಿದ ಗರ್ಭಿಣಿಯರ ಸಂಖ್ಯೆ ಮಾತ್ರ ಏರಿತು. ಅದೇ ದ್ರವ್ಯಗಳ ಔಷಧವು ೨೦೧೩ರಲ್ಲಿ ಬೇರೆ ಹೆಸರಿನಿಂದ ಅಲ್ಲಿ ಮರಳಿ ಬಂತು. ರೋಗಿಯ ಮಾತನ್ನು ಪ್ರಮಾಣವೆಂದು ಸ್ವೀಕರಿಸುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದೆಂದೂ ಅರ್ಥ. ಪರೀಕ್ಷೆಗೆ ಯೋಗ್ಯವೆಂದು ಎಣಿಸದೆ ಹೋದುದೇ ೧೯೬೧ಕ್ಕೆ ಹಿಂದಿನ ಪ್ರಮಾದ.

ಡೆನ್ಮಾರ್ಕ್ ಮತ್ತು ಹಾಲೆಂಡುಗಳಲ್ಲಿ ೨೦೦೩ರಿಂದಲೂ, ಬ್ರಿಟನ್ನಿನಲ್ಲಿ ೨೦೦೫ರಿಂದಲೂ ರೋಗಿಗಳು ನೇರವಾಗಿ ವರದಿಮಾಡಲು ಅವಕಾಶವಾಯಿತು. ೧೯೬೪ರ ಹಳದಿಯ ಕಾರ್ಡು ರೋಗಿಯ ಕೈಗೆ ಬರಲು ೪೧ ವರ್ಷ ಹಿಡಿಯಿತು. ರೋಗಿಗಳು ಅಸಂಬದ್ಧವಾಗಿ ಬರೆದು ಕಡತವನ್ನು ತುಂಬುವರೆಂಬ ಶಂಕೆ ಹಲವರಿಗಿದ್ದಿತು. ೨೦೧೧ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರಿಶೀಲನೆಯಲ್ಲಿ, ಬಾಧೆಯು ದಿನಚರಿಯನ್ನೂ ಉದ್ಯೋಗವನ್ನೂ ಸಂಸಾರವನ್ನೂ ಹೇಗೆ ಕೆಡಿಸಿತೆಂಬುದನ್ನು ವೈದ್ಯರಿಗಿಂತ ರೋಗಿಗಳೇ ವಿಶದವಾಗಿ ಬರೆಯುವರೆಂದು ಕಂಡುಬಂತು.

ಭಾರತವು ಉಪ್ಸಾಲಾದ ಕಾರ್ಯಕ್ರಮವನ್ನು ೧೯೯೮ರಲ್ಲಿ ಸೇರಿತು. ಇಂದು ನಡೆಯುತ್ತಿರುವ ರಾಷ್ಟ್ರೀಯ ಏರ್ಪಾಡು ೨೦೧೦ರ ಜುಲೈ ತಿಂಗಳಲ್ಲಿ ದೆಹಲಿಯಲ್ಲಿ ಆರಂಭವಾಗಿ, ೨೦೧೧ರಲ್ಲಿ ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ನಿಗೆ ವರ್ಗವಾಯಿತು. ವೈದ್ಯರ ನಮೂನೆಯಲ್ಲದೆ, ಔಷಧ ಸೇವಿಸುವವರೇ ತುಂಬತಕ್ಕ ನಮೂನೆಯೂ ಉಂಟು. 1800-180-3024 ಎಂಬ ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿಯಲ್ಲಿಯೂ ತಿಳಿಸಬಹುದು. ಆ ನಮೂನೆಯು ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳಲ್ಲಿ ಸಿದ್ಧವಾಗಿದೆ. ಔಷಧವನ್ನು ಹೇಳಿದವರಾರು, ವೈದ್ಯರೋ, ಅಂಗಡಿಯವರೋ, ನೆಂಟರಿಷ್ಟರೋ, ತಾವಾಗಿಯೇ ತೆಗೆದುಕೊಂಡದ್ದೋ ಎಂದು ಅದರಲ್ಲಿ ಕೇಳಿರುವುದು ಈ ದೇಶದ ರೂಢಿಯನ್ನು ಬಲ್ಲವರ ಕೆಲಸ.

ಅದರಲ್ಲಿ ಬಾಧೆಯನ್ನು ವಿವರಿಸಲು ಸ್ವಲ್ಪ ಜಾಗವನ್ನು ಖಾಲಿ ಬಿಟ್ಟಿದೆ. ಬಳ್ಳಾರಿಯ ಕಡೆಯವನಾಗಲಿ ಹಾಸನದ ಕಡೆಯವಳಾಗಲಿ ಅಲ್ಲಿ ಏನು ಬರೆದಾರು? ಮದ್ದು ಉಷ್ಣವಾಯಿತು, ಪಿತ್ತ ಕೆರಳಿತು, ಕಾಲು ಜುಮ್ಮೆಂದಿತು, ಎದೆ ಹಾರಿದಂತಾಯಿತು, ಮೈ ಹಗುರವಾಗಿ ತೇಲಿದಂತಾಯಿತು ಎಂದೇ ಬರೆಯುವರು. ಈ ಮಾತುಗಳು ಮುಂದೆ ಅಂತರರಾಷ್ಟ್ರೀಯ ಪದಕೋಶದ ನಿಶ್ಚಿತ ನಾಮಗಳಾಗಿ ಮಾರ್ಪಟ್ಟು ಉಪ್ಸಾಲಾವನ್ನು ಸೇರತಕ್ಕವು. ಜುಮ್ಮೆನ್ನುವುದಕ್ಕೆ ಅಲ್ಲಿ ಹೆಸರು ದೊರೆತೀತು. ಎದೆ ಹಾರುವುದಕ್ಕೂ ದೊರೆತೀತು. ಉಷ್ಣವೆಂಬುದಕ್ಕೆ ಮಾತ್ರ ಸರಿಯಾದ ಪದವಿಲ್ಲ. ಕಣ್ಣುರಿಯೇ, ಮೂತ್ರದ ಉರಿಯೇ, ಬಾಯಿಹುಣ್ಣೇ, ಮಲಬದ್ಧತೆಯೇ, ಮೈಮೇಲಿನ ಗುಳ್ಳೆಯೇ, ಇವೆಲ್ಲವೂ ಕನ್ನಡಿಗನ ಬಾಯಲ್ಲಿ ಉಷ್ಣವೇ ಆಗಬಹುದು. ನಮೂನೆಯನ್ನು ಓದುವವನು ಬರೆದವರನ್ನು ಹುಡುಕಿ, ಉಷ್ಣವೆಂದರೆ ಎಲ್ಲಿ ಏನಾಯಿತೆಂದು ಮತ್ತೊಮ್ಮೆ ಕೇಳಬೇಕಾಗುವುದು. ಹ್ಯಾಂಬರ್ಗಿನ ವೈದ್ಯರು ತಾಯಂದಿರ ಬಳಿಗೆ ಎರಡನೆಯ ಸಲ ಹೋಗಿ ಕೇಳಿದಂತೆ.